ಬೊಮ್ಮಿ ಉಂಡೆ ಕೊಟ್ಟ ದಿನ

ಬೊಮ್ಮಿಗೆ ಮೂರು ತುಂಬುತ್ತ ಬಂದಿತ್ತು. ಇನ್ನು ತಡ ಮಾಡಬಾರದು, ಮಗುವನ್ನು ಜೂಗೆ ಕರೆದುಕೊಂಡು ಹೋಗಿ ಉಂಡೆ ಕೊಡಿಸಿಬಿಡಬೇಕು ಎಂದು ನಮ್ಮತ್ತೆ ಸಣ್ಣತಾಯಮ್ಮ ಅವರೆಕಾಯಿ ಸುಗ್ಗಿ ಶುರುವಾದಾಗಿನಿಂದ ಹೇಳುತ್ತಲೇ ಇದ್ದರು. ನಾನೇ ಇವತ್ತು ನೆಗಡಿ, ನಾಳೆ ಹುಣ್ಣಿಮೆ ಎಂದು ಮುಂದೂಡುತ್ತಿದ್ದೆ. ನಾನು ನಿಂಗಾಜಿ, ಹೊಳೆಯಾಚೆಯಿಂದ ಬಂದ ಸೊಸೆ. ನಮ್ಮ ಕಡೆ ಈ ಪದ್ಧತಿ ಇಲ್ಲ. ನಮ್ಮ ನಿದ್ದೆ ನಮ್ಮದು, ಬಂದಾಗ ಬರುತ್ತದೆ, ಹೋದಾಗ ಹೋಗುತ್ತದೆ. ಈ ಊರಿನ ಹೆಂಗಸರು ಮೊದಮೊದಲು ನನ್ನನ್ನು ‘ಬಿಡಿನಿದ್ದೆಯೋಳು’ ಎಂದು ಕರೆದು, ಗೂಟಕ್ಕೆ ಕಟ್ಟದ ದನವನ್ನು ನೋಡಿದ ಹಾಗೆ ನೋಡಿ ನಗುತ್ತಿದ್ದರು.

ಇಲ್ಲಿ ಹಾಗಲ್ಲ. ಮಗು ತನ್ನ ಕೈಯಾರೆ ನೀಡಿದ ತಂಬಿಟ್ಟಿನ ಉಂಡೆಯನ್ನು ಯಾವ ಪ್ರಾಣಿ ತಿನ್ನುತ್ತದೋ ಅದರ ನಿದ್ದೆಗೂ ಮಗುವಿನ ನಿದ್ದೆಗೂ ಗಂಟು ಬೀಳುತ್ತದೆ. ಆವತ್ತು ಹುಲಿಯೂ ತಂಬಿಟ್ಟು ತಿನ್ನುತ್ತದೆ. ಆಮೇಲೆ ಬದುಕಿರುವ ತನಕ ಅದು ಮಲಗಿದಾಗ ಇವರು ಮಲಗಬೇಕು, ಅದು ಎದ್ದಾಗ ಇವರು ಏಳಬೇಕು. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ‘ನಿಮ್ಮ ಹುಡುಗಿ ಯಾವುದರವಳು?’ ಎಂದು ಕೇಳುತ್ತಾರೆ. ಸಿಂಹದವರ ಹೋಟೆಲು ಮಧ್ಯಾಹ್ನ ಮುಚ್ಚಿದ್ದರೆ ಯಾರೂ ಬಾಗಿಲು ತಟ್ಟುವುದಿಲ್ಲ. ಹೆಬ್ಬಾವಿನವರಿಗೆ ಬಡ್ತಿ ಸಿಗುವುದು ನಿಧಾನ. ಎಳೆತ ಎರಡೂ ಕಡೆ ಇರುತ್ತದೆ ಎನ್ನುತ್ತಾರೆ. ಮುದಿ ಮೊಸಳೆಗೆ ನೇಕಾರರ ಮನೆಯ ಒಂದೇ ಒಂದು ಕೂಸು ಗಂಟು ಬಿದ್ದಿದ್ದಾಗ, ಇಲ್ಲಿ ಜೋಗುಳ ಹಾಡಿದರೆ ಅಲ್ಲಿ ಮೊಸಳೆ ಕಣ್ಣು ಮುಚ್ಚುತ್ತಿತ್ತಂತೆ. ಆದರೆ ಹತ್ತಾರು ಜನ ಗಂಟು ಬಿದ್ದ ಪ್ರಾಣಿಯನ್ನು ಒಂದು ಮಗು ಎಳೆಯಲಾಗುವುದಿಲ್ಲ.

ನಮ್ಮ ಮನೆಯದೇ ಒಂದು ಸಂತೆ. ನನ್ನ ಗಂಡ ಹೊನ್ನೇಶ ಆನೆಯವನು. ನಿದ್ದೆ ಎಂದರೆ ಅವನಿಗೆ ಗೋಡೆಗೆ ಒರಗಿ ಒಂದಿಷ್ಟು ಹೊತ್ತು ಕಣ್ಣು ಮುಚ್ಚುವುದು, ಅಷ್ಟೇ. ಅದಕ್ಕೇ ಆಲೆಮನೆಯವರು ಅವನನ್ನು ಬಿಡುವುದಿಲ್ಲ. ಅತ್ತೆ ನವಿಲಿನವರು. ಹೊತ್ತು ಹುಟ್ಟುವ ಮೊದಲೇ ಎದ್ದು ಬಾಗಿಲಿಗೆ ನೀರು ಹಾಕುತ್ತಾರೆ, ದೀಪ ಹಚ್ಚಿ ಎರಡು ತುತ್ತು ಉಂಡರೆಂದರೆ ಕೂತಲ್ಲೇ ತೂಗುತ್ತಾರೆ. ನಮ್ಮ ಮಾವ ಚಲುವಯ್ಯ ಗೂಬೆಯವರು. ಊರಿನ ಗೂಬೆಯವರೆಲ್ಲ ಕಾವಲು ಕಾಯುವವರು, ರಾತ್ರಿ ಸರದಿಯಲ್ಲಿ ನಾಲೆ ನೀರು ತಿರುಗಿಸುವವರು. ಮಾವನೂ ಹರೆಯದಿಂದ ನೀರು ತಿರುಗಿಸಿಕೊಂಡೇ ಬಂದವರು. ಬೆಳಗಾದರೆ ನಡುಮನೆಯ ಕತ್ತಲೆ ಮೂಲೆಯಲ್ಲಿ ಕಂಬಳಿ ಎಳೆದುಕೊಂಡರೆ ಮುಗಿಯಿತು. ಅತ್ತೆ ಮಾವ ಇಬ್ಬರೂ ಒಟ್ಟಿಗೆ ಎಚ್ಚರವಾಗಿರುವುದು ಮುಸ್ಸಂಜೆಯ ಒಂದಿಷ್ಟು ಹೊತ್ತು, ನಸುಕಿನ ಒಂದಿಷ್ಟು ಹೊತ್ತು. ಅವರ ಮದುವೆಯೂ ಗೋಧೂಳಿ ಲಗ್ನದಲ್ಲೇ ಆಗಿತ್ತಂತೆ. ‘ನಿಮ್ಮ ಮಾವ ನನ್ನ ಮುಖ ನೋಡಿರೋದೆಲ್ಲ ದೀಪದ ಬೆಳಕಲ್ಲೇ ಕಣವ್ವ. ನಾನು ಸುಂದ್ರಿ ಅಂತ ಇನ್ನೂ ನಂಬ್ಕೊಂಡವ್ರೆ’ ಎಂದು ಅತ್ತೆ ನಗುತ್ತಿದ್ದರು.

ನನ್ನ ಹೆದರಿಕೆ ಇದ್ದದ್ದು ಅಲ್ಲೇ. ಬೊಮ್ಮಿಗೆ ತಾತ ಎಂದರೆ ಪ್ರಾಣ. ಸಂಜೆ ಅವರು ಎದ್ದು ಮುಖ ತೊಳೆಯುವುದನ್ನೇ ಕಾದು ಕೂತಿದ್ದು, ಟವೆಲು ಕೊಡುವ ನೆಪದಲ್ಲಿ ಕಾಲಿಗೆ ಅಂಟಿಕೊಳ್ಳುತ್ತಿದ್ದಳು. ಅವರು ಹೆಗಲ ಮೇಲೆ ಕೂರಿಸಿಕೊಂಡು ನಾಲೆಯ ಏರಿಯ ತನಕ ಹೋಗಿ ಬರುತ್ತಿದ್ದರು. ಇತ್ತೀಚೆಗೆ ಅಲ್ಲಿಂದ ಬಂದವಳು ಗಂಟಲಿನೊಳಗೆ ‘ಗೂಕ್, ಗೂಕ್’ ಎನ್ನುವುದನ್ನು ಬೇರೆ ಕಲಿತಿದ್ದಳು. ಮಾವ ಮಗುವನ್ನು ತಮ್ಮ ಕಡೆಗೆ ಒಲಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ರಾತ್ರಿಯೆಲ್ಲ ಒಬ್ಬರೇ ಏರಿಯ ಮೇಲೆ ಕೂರುವವರು, ಜೊತೆ ಬೇಕು ಅನ್ನಿಸಿದ್ದರೆ ತಪ್ಪೇನೂ ಅಲ್ಲ. ಆದರೆ ಮಗು ಗೂಬೆಗೆ ಉಂಡೆ ಕೊಟ್ಟರೆ ಆವತ್ತಿಗೇ ಅವಳ ಹಗಲು ನನ್ನ ಕೈ ತಪ್ಪುತ್ತದೆ. ಅವಳು ಓಡಾಡುವಾಗ ನಾನು ಮಲಗಿರುತ್ತೇನೆ, ನಾನು ಓಡಾಡುವಾಗ ಅವಳ ಕೂದಲು ಸವರಿ ನೋಡಬಹುದು, ಅಷ್ಟೇ. ಅತ್ತೆಗೆ ಹೇಳಿದೆ. ಅವರು ಅವರೆಕಾಯಿ ಸುಲಿಯುವ ಕೈ ನಿಲ್ಲಿಸಿ, ‘ಒಂದು ಮನೆಗೆ ಒಂದು ಗೂಬೆ ಸಾಕು ಕಣವ್ವ’ ಎಂದರು. ಮಾರನೆಯ ದಿನವೇ ಎಲ್ಲಿಂದಲೋ ಒಂದು ನವಿಲುಗರಿ ತಂದು ಬೊಮ್ಮಿಯ ಕೈಗೆ ಕೊಟ್ಟರು. ಹೊನ್ನೇಶ ಸುಮ್ಮನಿದ್ದಾನೆಯೇ? ಮಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು, ಒಂದು ಕೈಯನ್ನು ಸೊಂಡಿಲು ಮಾಡಿ ಅಂಗಳ ಸುತ್ತತೊಡಗಿದ. ನನಗೆ ಆನೆಯಾದರೂ ಸರಿ, ನವಿಲಾದರೂ ಸರಿ.

ಹೊರಟ ದಿನ ಬೆಳಿಗ್ಗೆ ಮಾವ ಬಿಳೀ ಪಂಚೆ ಉಟ್ಟು, ತಲೆಗೆ ವಲ್ಲಿ ಸುತ್ತಿ, ದೊಡ್ಡ ಕರೀ ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕಣ್ಣು ಒಂದು ಸೀಳಿನಷ್ಟೇ ತೆರೆದಿತ್ತು.

‘ನೀವೆಲ್ಲಿಗೆ? ಹೋಗಿ ಮನಿಕ್ಕಳಿ’ ಎಂದರು ಅತ್ತೆ. ‘ಹಾದೀಲಿ ಬಿದ್ಗಿದ್ದು ಹಲ್ಲು ಮುರ್ಕೊಂಡೀರಿ.’

‘ಇರೋವೇ ನಾಕು ಹಲ್ಲು, ಮುರ್ದ್ರೆ ಮುರೀಲಿ ಬುಡು ಸಣ್ಣಿ. ನನ್ ಮೊಮ್ಮಗ್ಳು ಉಂಡೆ ಕೊಡೋದ ನಾನ್ ನೋಡ್ಬ್ಯಾಡ್ವಾ?’

‘ಕಣ್ ಬುಡಕ್ಕೇ ಆಗಾಕಿಲ್ಲ, ನೋಡ್ತಾರಂತೆ!’

ಆ ಹಟ ನೋಡಿ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಆಲೆಮನೆಯ ಟ್ರ್ಯಾಕ್ಟರಿನ ಟ್ರೈಲರಿಗೆ ಹುಲ್ಲು ಹಾಸಿ ಮೇಲೆ ಜಮಖಾನ ಹಾಕಿದ್ದೆವು. ಹೊನ್ನೇಶ ಮುಂದೆ ಕೂತು ಓಡಿಸಿದ. ಮಾವ ಕೂತ ಕೂಡಲೇ ಕೊಡೆಯ ಹಿಡಿಗೆ ಗದ್ದ ಊರಿ ಗೊರಕೆ ಹೊಡೆಯತೊಡಗಿದರು. ಬೊಮ್ಮಿ ಅವರ ಮೀಸೆಯನ್ನು ಎಳೆದು ಎಳೆದು ಬಿಡುತ್ತಿದ್ದಳು. ಪ್ರತಿ ಸಲವೂ ಅವರು ನಿದ್ದೆಯಲ್ಲೇ ‘ಹೂಂ ಕಂದ, ನೀರ್ ಬತ್ತಾದೆ’ ಎನ್ನುತ್ತಿದ್ದರು. ತಂಬಿಟ್ಟಿನ ಉಂಡೆ ಅತ್ತೆಯ ಮಡಿಲಲ್ಲಿ, ಬಾಳೆಲೆಯೊಳಗೆ ಇತ್ತು. ಹುರಿದಕ್ಕಿ, ಹುರಿಗಡಲೆ ಕುಟ್ಟಿ, ಬೆಲ್ಲದ ಪಾಕಕ್ಕೆ ಏಲಕ್ಕಿ ಹಾಕಿ ಅತ್ತೆಯೇ ಕಟ್ಟಿದ್ದು.

ಜೂ ಇರುವುದು ಊರಾಚೆ, ಕೆರೆಯ ಪಕ್ಕ. ಬಾಗಿಲಲ್ಲೇ ಜನ ಸೇರಿದ್ದರು. ಹೆಬ್ಬಾವಿನವರ ಒಂದು ಮನೆಯವರು ಮಗುವನ್ನು ತಂದು, ತಾವೇ ಮರದ ಕೆಳಗೆ ಸಾಲಾಗಿ ಮಲಗಿಬಿಟ್ಟಿದ್ದರು. ಆ ಮಗು ಅವರ ಕಾಲುಗಳನ್ನು ದಾಟಿ ದಾಟಿ ಆಡುತ್ತಿತ್ತು. ಉಂಡೆಯ ಕೆಲಸವನ್ನೆಲ್ಲ ನೋಡಿಕೊಳ್ಳುವ ದುಗ್ಗಮ್ಮ ಸೊಂಟಕ್ಕೆ ಸೆರಗು ಬಿಗಿದು ನಿಂತಿದ್ದಳು. ಎಲ್ಲರಿಗೂ ಹೇಳುವುದನ್ನೇ ನನಗೂ ಹೇಳಿದಳು. ‘ಮಗ ಮುಂದೆ, ನೀವು ಹಿಂದೆ. ಕೈ ಹಿಡೀಬ್ಯಾಡಿ, ಕೂಗ್ಬ್ಯಾಡಿ, ಸನ್ನೆ ಮಾಡ್ಬ್ಯಾಡಿ. ಮಾಡುದ್ರೆ ಏನಾಯ್ತದೆ ಅಂತ ಗೊತ್ತಲ್ಲ?’

ಗೊತ್ತಿತ್ತು. ಬಳೆಗಾರರ ಹುಡುಗಿಯೊಬ್ಬಳನ್ನು ಅವಳ ತಾಯಿ ಹಿಂದಿನಿಂದ ಕೂಗಿ ಕರೆದಿದ್ದಳಂತೆ. ಉಂಡೆ ಯಾವುದಕ್ಕೋ ಹೋಯಿತು, ಆದರೆ ಗಂಟು ಅರ್ಧಕ್ಕೆ ನಿಂತಿತು. ಆ ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಅನ್ನಕ್ಕೆ ನೀರಿಟ್ಟು ಅಲ್ಲೇ ತೂಗುತ್ತಾಳೆ, ಬೆಚ್ಚಿ ಏಳುತ್ತಾಳೆ, ಮತ್ತೆ ತೂಗುತ್ತಾಳೆ. ಒಂದು ದಿನವೂ ಪೂರಾ ನಿದ್ದೆ ಮಾಡಿದವಳಲ್ಲ, ಪೂರಾ ಎಚ್ಚರವಿದ್ದವಳೂ ಅಲ್ಲ.

ಬೊಮ್ಮಿ ಎರಡೂ ಕೈಯಲ್ಲಿ ಉಂಡೆ ಹಿಡಿದು ಹೊರಟಳು. ಗೆಜ್ಜೆ ಒಂದು ಕಾಲಲ್ಲಿ ಮಾತ್ರ ಇತ್ತು, ಇನ್ನೊಂದನ್ನು ಟ್ರೈಲರಿನಲ್ಲೇ ಕಿತ್ತುಹಾಕಿದ್ದಳು. ಮೊದಲು ಇರುವೆಯ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ನಾವೂ ನಿಂತೆವು. ಆಮೇಲೆ ಸೋರುವ ನಲ್ಲಿಯ ಹತ್ತಿರ ನಿಂತಳು. ಹೊನ್ನೇಶ ನನ್ನ ಕಿವಿಯಲ್ಲಿ, ‘ನಲ್ಲಿಗೇನಾದ್ರೂ ಕೊಟ್ಬುಟ್ರೆ? ಜೀವಮಾನವೆಲ್ಲ ಸೋರ್ಕೊಂಡ್ ಇರ್ತಾಳೆ’ ಎಂದ. ನನಗೆ ನಗುವ ಮನಸ್ಸಿರಲಿಲ್ಲ. ನವಿಲಿನ ಬಲೆಮನೆ ಬಂತು. ಅತ್ತೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ಬೊಮ್ಮಿ ಕೈ ಚಾಚಿದಳು ಕೂಡ. ಅಷ್ಟರಲ್ಲಿ ಆ ನವಿಲು, ಅತ್ತೆ ಇಷ್ಟು ವರ್ಷ ಜೊತೆಗೆ ಮಲಗಿ ಎದ್ದ ಆ ನವಿಲು, ಬಾಲ ತಿರುಗಿಸಿಕೊಂಡು ಮೂಲೆಗೆ ಹೋಗಿ ಮಣ್ಣು ಕೆದಕತೊಡಗಿತು. ‘ಬಿಂಕ ನೋಡು ಹಾಳಾದ್ದರದು’ ಎಂದರು ಅತ್ತೆ. ಆನೆಯನ್ನು ಕಂಡದ್ದೇ ಬೊಮ್ಮಿ ಉಂಡೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಆನೆ ಸೊಂಡಿಲು ನೀಡಿತು. ಅವಳು ‘ಇಲ್ಲ, ಖಾಲಿ’ ಎಂದಳು. ಹೊನ್ನೇಶನ ಮುಖ ನೋಡಲಾಗುತ್ತಿರಲಿಲ್ಲ. ಜಿಂಕೆ, ಕರಡಿ, ಎಲ್ಲ ದಾಟಿದವು. ಕೊನೆಗೆ ಉಳಿದದ್ದು ಹುಣಸೆಮರದ ಕೆಳಗಿನ ತಂಪು ಮೂಲೆ, ಗೂಬೆಯ ಗೂಡು.

ಆಗಲೇ ನಾನು ಗಮನಿಸಿದ್ದು, ಮಾವ ನಮ್ಮ ಹಿಂದೆ ಇರಲಿಲ್ಲ. ನಾವು ನವಿಲಿನ ಹತ್ತಿರ ನಿಂತಿದ್ದಾಗಲೇ ಅಡ್ಡದಾರಿ ಹಿಡಿದು ಹೋಗಿ, ಗೂಬೆಯ ಗೂಡಿನ ಮುಂದಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಕೊಡೆ ಬಿಚ್ಚಿತ್ತು. ಆದರೆ ಅವರು ಕೂತಲ್ಲೇ ನಿದ್ದೆ ಹೋಗಿ, ಕೊಡೆ ಹೆಗಲಿನಿಂದ ಜಾರಿ ಒಂದು ಪಕ್ಕಕ್ಕೆ ವಾಲಿತ್ತು. ನನಗೆ ಮೈಯೆಲ್ಲ ಉರಿಯಿತು. ಮಗು ಬರಲಿ ಎಂದೇ ಅಲ್ಲಿ ಹೋಗಿ ಕೂತಿದ್ದಾರೆ! ಅವರನ್ನು ಕಂಡರೆ ಬೊಮ್ಮಿ ಬಿಟ್ಟಾಳೆಯೇ? ಒಂದೇ ಗೆಜ್ಜೆಯ ಸದ್ದು ಮಾಡುತ್ತ ಅವಳು ಓಡಿಯೇಬಿಟ್ಟಳು.

ಗೂಬೆ ಕೊಂಬೆಯ ಮೇಲೆ ಕೂತು ಒಂದು ಕಣ್ಣು ತೆರೆಯಿತು. ಬೊಮ್ಮಿ ಜಾಲರಿಗೆ ಮುಖವಿಟ್ಟು ‘ಗೂಕ್’ ಎಂದಳು. ಗೂಬೆ ಕೆಳಗಿನ ಕೊಂಬೆಗೆ ಇಳಿದು, ಜಾಲರಿಯ ತನಕ ಬಂತು. ಬೊಮ್ಮಿಯ ಕೈ ಮೇಲೆದ್ದಿತು. ‘ಬೊಮ್ಮೀ’ ಎನ್ನುವ ಕೂಗು ನನ್ನ ಗಂಟಲಿಗೆ ಬಂದು ನಿಂತಿತ್ತು. ಅತ್ತೆ ನನ್ನ ಮುಂಗೈಯನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದರು. ‘ಕರೀಬ್ಯಾಡ. ಗೂಬೆಯಾದ್ರೂ ಆಗ್ಲಿ, ಅರ್ಧಂಬರ್ಧ ಆಗೋದು ಬ್ಯಾಡ. ನಾನು ಬದುಕ್ಲಿಲ್ವಾ, ಮುಸ್ಸಂಜೇಲಿ?’ ಎಂದರು. ನಾನು ಬಾಯಿಗೆ ಸೆರಗು ತುರುಕಿಕೊಂಡೆ.

ಅಷ್ಟರಲ್ಲಿ ಗಾಳಿ ಬೀಸಿತೋ, ಮಾವ ನಿದ್ದೆಯಲ್ಲಿ ಅಲುಗಾಡಿದರೋ, ವಾಲಿದ್ದ ಕೊಡೆ ಉರುಳಿಕೊಂಡು ಬಂದು ಬೊಮ್ಮಿಗೂ ಗೂಬೆಗೂ ನಡುವೆ ನಿಂತಿತು. ಬೊಮ್ಮಿ ಕೊಡೆಯ ಹಿಂದಿನಿಂದ ಇಣುಕಿದಳು. ಅತ್ತ ಗೂಬೆ, ಇತ್ತ ತಾತ. ತಾತ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅವಳು ಹತ್ತಿರ ಹೋಗಿ, ಕಾಲ ತುದಿಯ ಮೇಲೆ ನಿಂತು, ‘ತಾತ, ಆಮ್’ ಎಂದು ಉಂಡೆಯನ್ನು ಆ ಬಾಯಿಗೆ ಒತ್ತಿದಳು. ಮಾವ ಕಣ್ಣು ತೆರೆಯಲಿಲ್ಲ. ದವಡೆ ಆಡಿತು. ಎರಡು ಸಲ ಅಗಿದರು, ನುಂಗಿದರು, ಮೀಸೆಗೆ ಅಂಟಿದ ಪುಡಿಯನ್ನು ನಾಲಿಗೆಯಿಂದ ಎಳೆದುಕೊಂಡರು.

ಸುತ್ತಲಿದ್ದವರೆಲ್ಲ ಬಂದು ಗುಂಪುಗೂಡಿದರು. ‘ಇದು ಲೆಕ್ಕಕ್ಕುಂಟಾ?’ ಎಂದು ಹೊನ್ನೇಶ ಕೇಳಿದ. ದುಗ್ಗಮ್ಮ ಮಾವನ ಗದ್ದ ಹಿಡಿದು ಬಾಯೊಳಗೆ ಬಗ್ಗಿ ನೋಡಿದಳು. ‘ಮಗ ಕೈಯಾರೆ ಕೊಡ್ತಾ? ಕೊಡ್ತು. ಜೂ ಒಳಗೆ ಇರೋ ಜೀವ ತಿಂತಾ? ತಿಂತು. ಮುಗೀತು. ಗಂಟು ಬಿತ್ತು.’ ಆಮೇಲೆ ಸ್ವಲ್ಪ ಯೋಚಿಸಿ, ‘ಆದ್ರೆ ಈ ಯಜಮಾನ್ರಿಗೆ ಈಗ ಎರಡು ಕಡೆ ಹಗ್ಗ. ಆ ಕಡೆ ಗೂಬೆ, ಈ ಕಡೆ ಮೊಮ್ಮಗ್ಳು. ಯಾವ ಕಡೆ ಜಗ್ಗು ಜಾಸ್ತಿಯೋ, ಹೊತ್ತು ಮುಳುಗಿದ ಮ್ಯಾಲೆ ನೀವೇ ನೋಡ್ಕಳಿ’ ಎಂದಳು.

ಮಾವನಿಗೆ ಎಚ್ಚರವಾಯಿತು. ‘ಬೆಲ್ಲ ಒಸಿ ಜಾಸ್ತಿಯಾಯ್ತು ಸಣ್ಣಿ’ ಎಂದವರು, ನಮ್ಮೆಲ್ಲರ ಮುಖ ನೋಡಿ, ಬರಿದಾದ ಬೊಮ್ಮಿಯ ಕೈ ನೋಡಿ, ಮೀಸೆ ಮುಟ್ಟಿ ನೋಡಿಕೊಂಡರು. ಮುಖ ಕಪ್ಪಿಟ್ಟಿತು.

‘ಅಯ್ಯೋ ಶಿವನೆ, ಏನ್ ಮಾಡ್ಬುಟ್ಟೆ ನಾನು.’

‘ಬೇಕು ಅಂತ್ಲೇ ಇಲ್ಲಿ ಬಂದು ಕೂತಿರಿ ಮಾವ’ ಎಂದೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ‘ಗೂಕ್ ಅನ್ನೋದು ಕಲಿಸಿದ್ದೂ ನೀವೇ.’

ಅವರು ಬಿಸಿಲಿಗೆ ಕೈ ಅಡ್ಡ ಹಿಡಿದು ನನ್ನನ್ನು ಹುಡುಕಿದರು. ‘ಕಲಿಸ್ಲಿಲ್ಲ ಕಣವ್ವ ನಿಂಗಾಜಿ. ಏರಿ ಮ್ಯಾಲೆ ದಿನಾ ಕೇಳಿ ಕಲ್ತವ್ಳೆ. ಅದ ಕೇಳ್ದಾಗ್ಲಿಂದ್ಲೇ ನಂಗೆ ದಿಗಿಲು. ಎಲ್ಲಿ ಗೂಬೆ ಕಂಡ್ರೆ ಕೊಟ್ಬುಡ್ತಾಳೋ ಅಂತ ಕೊಡೆ ತಂದೆ. ಬಿಚ್ಚಿ ಗೂಡಿಗೆ ಮರೆ ಮಾಡ್ಕೊಂಡು ಕುಂತ್ಕಂಡ್ರೆ ಮಗೀಗೆ ಗೂಬೆ ಕಾಣಾಕಿಲ್ಲ, ದಾಟ್ಕೊಂಡು ಹೋಯ್ತದೆ ಅಂದ್ಕಂಡೆ. ಊರೆಲ್ಲ ಮನಗಿರುವಾಗ ಒಬ್ಬನೇ ಎದ್ದಿರೋದು ಏನು ಅಂತ ನಂಗೊತ್ತಿಲ್ವಾ? ಆ ಹಣೇಬರ ಮಗೀಗೆ ಕಟ್ತೀನಾ? ಹಾಳು ನಿದ್ದೆ ಹೊಡ್ದುಬುಡ್ತು.’

ನನಗೆ ತಲೆ ಎತ್ತಲಾಗಲಿಲ್ಲ. ಅತ್ತೆ ಕೊಡೆಯನ್ನು ಎತ್ತಿ ಮಡಚಿ, ಸೆರಗಿನಿಂದ ಅವರ ಮೀಸೆ ಒರೆಸಿ, ‘ನಿದ್ದೆಗಣ್ಣಲ್ಲಿ ಕಾವಲು ಕಾಯಕ್ಕೆ ಬಂದವ್ರೆ, ಜಾಣ್ರು’ ಎಂದರು.

ಟ್ರೈಲರು ಊರಿನ ಕಡೆಗೆ ಹೊರಟಿತು. ಹೊತ್ತು ಕೆರೆಯ ಆಚೆಗೆ ಇಳಿಯುತ್ತಿತ್ತು. ದಿನಾ ಆ ಹೊತ್ತಿಗೆ ಮಾವನ ಕಣ್ಣು ನಿಧಾನವಾಗಿ ಅಗಲವಾಗಿ, ಬೆನ್ನು ನೆಟ್ಟಗಾಗಿ, ದನಿ ಬಿಚ್ಚಿಕೊಳ್ಳುತ್ತಿತ್ತು. ಈಗಲೂ ಹಾಗೇ ಆಯಿತು. ಅವರ ತೊಡೆಯ ಮೇಲಿದ್ದ ಬೊಮ್ಮಿಯ ಕಣ್ಣೂ ಅವರೊಂದಿಗೆ ಅಗಲವಾಯಿತು. ನಾನು ಜಮಖಾನದ ಅಂಚನ್ನು ಹಿಂಡುತ್ತ ನೋಡುತ್ತಿದ್ದೆ. ಮಗು ನಗುತ್ತಿದೆ, ಆಡುತ್ತಿದೆ, ಎಲ್ಲ ಸರಿ. ಇನ್ನು ಮೇಲೆ ಇದೆಲ್ಲ ನಾನು ಮಲಗಿದ ಮೇಲಷ್ಟೇ. ನಾಲೆಯ ಸೇತುವೆ ದಾಟುವಾಗ ಬೊಮ್ಮಿ ಒಂದು ಸಲ ಕಣ್ಣುಜ್ಜಿದಳು. ದಿನವಿಡೀ ನಡೆದು ದಣಿದಿದ್ದಳಲ್ಲ. ಆಕಳಿಸಿದಳು. ಹೊಲದ ಕಡೆಗೆ ನೋಡುತ್ತ ಮಾತಾಡುತ್ತಿದ್ದ ಮಾವನೂ ಬಾಯಿ ಅಗಲಿಸಿ ಆಕಳಿಸಿದರು. ಅತ್ತೆ ನನ್ನ ಮೊಣಕೈ ತಿವಿದರು. ಬೊಮ್ಮಿ ತಾತನ ಎದೆಗೆ ತಲೆಯಿಟ್ಟು ಹೆಬ್ಬೆರಳು ಬಾಯಿಗೆ ಹಾಕಿಕೊಂಡಳು. ‘ಇದ್ಯಾಕೆ ಸಣ್ಣಿ, ದೀಪ ಹಚ್ಚೋ ಹೊತ್ನಲ್ಲಿ ನಂಗೆ ರೆಪ್ಪೆ...’ ಎಂದ ಮಾವ ಮಾತು ಮುಗಿಸಲಿಲ್ಲ. ಅವರ ಗದ್ದ ಮೊಮ್ಮಗಳ ನೆತ್ತಿಯ ಮೇಲೆ ಇಳಿಯಿತು. ಎಲ್ಲೋ ಕೆರೆಯ ಕಡೆಯಿಂದ ಗೂಬೆ ಕೂಗಿದ್ದು ಕೇಳಿಸಿತು. ಮಾವ ಒಮ್ಮೆ ಹುಬ್ಬು ಗಂಟಿಕ್ಕಿದರು. ಬೊಮ್ಮಿ ನಿದ್ದೆಯಲ್ಲೇ ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು. ಹುಬ್ಬು ಸಡಿಲವಾಯಿತು. ಆವತ್ತು ಅವರ ಸರದಿಯ ನೀರನ್ನು ಹೊನ್ನೇಶನೇ ಹೋಗಿ ತಿರುಗಿಸಿದ. ಆನೆಯವನಿಗೆ ಹೇಗೂ ನಿದ್ದೆಯಿಲ್ಲ.

ಬೆಳಿಗ್ಗೆ ಅತ್ತೆ ಅಂಗಳದ ಸೂರಿನ ಕೆಳಗೆ ಚಾಪೆ ಹಾಸಿಕೊಂಡು, ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ನಾನು ಒಲೆಯ ಮುಂದಿದ್ದೆ. ಒಳಗೆ ಬೊಮ್ಮಿ ಎದ್ದು ‘ಅವ್ವಾ’ ಎಂದ ಕೂಡಲೇ ಮಾವ ಕೆಮ್ಮಿದ ಸದ್ದು ಕೇಳಿತು. ಇಬ್ಬರೂ ಕೈ ಕೈ ಹಿಡಿದು ಹೊಸ್ತಿಲು ದಾಟಿ ಬಂದರು. ಬೊಮ್ಮಿ ನೇರವಾಗಿ ಬಂದು ನನ್ನ ಮಡಿಲಲ್ಲಿ ಕೂತಳು, ಹಗಲು ಹೊತ್ತಿನಲ್ಲಿ, ಬೆಚ್ಚಗೆ. ಮಾವ ಬಾಗಿಲಿನಲ್ಲೇ ನಿಂತಿದ್ದರು. ಕಣ್ಣು ಪೂರಾ ತೆರೆದಿತ್ತು. ಹಸುವನ್ನು ನೋಡಿದರು, ಕೊಟ್ಟಿಗೆಯ ಹೆಂಚನ್ನು ನೋಡಿದರು, ಹಳದಿ ಹೂ ಬಿಟ್ಟ ಹೀರೆಬಳ್ಳಿಯನ್ನು ನೋಡಿದರು. ಆಮೇಲೆ ಚಾಪೆಯ ಹತ್ತಿರ ಹೋಗಿ ಕೂತು, ಅತ್ತೆಯ ಮುಖವನ್ನೇ ನೋಡತೊಡಗಿದರು.

‘ಏನ್ ಹಂಗ್ ನೋಡ್ತೀರಿ?’

‘ನಿನ್ ಕಣ್ಣು ಕಪ್ಪು ಅಂದ್ಕಂಡಿದ್ದೆ ಕಣೆ ಸಣ್ಣಿ. ಇದ್ಯಾವ್ದೋ ಜೇನಿನ ಬಣ್ಣ ಇದ್ದಂಗದೆ.’

‘ಈಗ್ ಗೊತ್ತಾಯ್ತಲ್ಲ, ಏನು, ವಾಪಸ್ ಕಳಿಸ್ತೀರಾ ನಮ್ಮಪ್ಪನ ಮನೆಗೆ?’ ಎಂದರು ಅತ್ತೆ. ‘ಕೂದ್ಲು ಬೆಳ್ಳಗಾಗಿರೋದು ಕಾಣ್ಲಿಲ್ವಾ? ಮುಖದಲ್ಲಿರೋ ಸುಕ್ಕು?’

‘ಕಂಡ್ವು. ಒಂದೊಂದಾಗಿ ನೋಡ್ತೀನಿ ಬುಡು, ಹಗಲು ದೊಡ್ಡದದೆ’ ಎಂದ ಮಾವ, ಒಂದು ಕಾಳನ್ನು ಹಿಡಿದು ಹಿತುಕಿದರು. ಅದು ಚಿಮ್ಮಿ ಹೋಗಿ ಹಸುವಿನ ಮುಸುಡಿಗೆ ಬಿತ್ತು. ಬೊಮ್ಮಿ ನನ್ನ ಮಡಿಲಲ್ಲಿ ಕುಣಿದು ನಕ್ಕಳು.

ಅತ್ತೆ ಬಿಸಿಲಿಗೆ ಕೂರುವವರಲ್ಲ, ತಲೆ ನೋಯುತ್ತದೆ ಎನ್ನುತ್ತಿದ್ದರು. ಆವತ್ತು ಸೂರಿನ ನೆರಳು ಇನ್ನೂ ಅಲ್ಲೇ ಇತ್ತು. ಅವರು ಎದ್ದು, ಕಾಳಿನ ಮೊರವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಚಾಪೆಯನ್ನು ಮಾವನ ಸಮೇತ ಬಿಸಿಲಿನ ಕಡೆಗೆ ಎಳೆಯತೊಡಗಿದರು. ಚಾಪೆ ಅಲುಗಾಡಲಿಲ್ಲ. ‘ಒಸಿ ಮ್ಯಾಲೆ ಏಳಿ, ಭಾರ’ ಎಂದು ಅವರ ಹೆಗಲು ತಟ್ಟಿದರು.